ಪೂರಾ ಆಳು

ಕಾರ್ತಿಕ ಮಾಸ ಹುಟ್ಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಲ್ಲೂರಿನ ಹುಣಸೆ ತೋಪಿನ ಆಚೆಗಿನ ಇಳಿಜಾರು ಹೊಲಗಳಲ್ಲಿ ರಾಗಿ ಕಂದಿ ನಿಂತಿತ್ತು. ನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಮಾತ್ರ ಹಸಿರಾಗಿ ಅಲ್ಲಲ್ಲಿ ಹೂ ಬಿಟ್ಟು ಎಳೆಕಾಯಿ ಕಚ್ಚಿತ್ತು. ಇಬ್ಬನಿ ಆರುವ ಮುಂಚೆಯೇ ಕುಡುಗೋಲು ಹಾಕಬೇಕು; ಬಿಸಿಲೇರಿದರೆ ತೆನೆ ಬಿರುಸಾಗಿ ಕಾಳು ಉದುರುತ್ತದೆ. ಹಾಗಾಗಿ ದ್ಯಾವಮ್ಮನ ಹೊಲದಲ್ಲಿ ಜನ ಚಳಿಯಲ್ಲೇ ಸಾಲು ಹಿಡಿದಿದ್ದರು. ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಪೈರಿನ ಬುಡ ಹಿಡಿದು, ಬಲಗೈಯಲ್ಲಿ ಕುಯ್ದು, ಕುಯ್ದ ಹಿಡಿಯನ್ನು ಪಕ್ಕಕ್ಕೆ ಅರಿ ಹಾಕಿ, ಕೂತಂತೆಯೇ ಮುಂದಕ್ಕೆ ಸರಿಯುವುದು. ದೂರದಿಂದ ನೋಡಿದವರಿಗೆ ಪೈರಿನ ಮೇಲೆ ಟವಲು, ಸೆರಗುಗಳಷ್ಟೇ ಸರಿದಾಡುವುದು ಕಾಣುತ್ತಿತ್ತು.

ಒಂದು ಟವಲು ಮಾತ್ರ ಮಿಕ್ಕವಕ್ಕಿಂತ ಮೇಲಿತ್ತು. ಅದು ರಾಮಾಂಜಿನಪ್ಪನದು. ಅವನು ಕೂರದೆ, ಎಡಗಾಲನ್ನು ಪಕ್ಕಕ್ಕೆ ಚಾಚಿ, ಸೊಂಟ ಬಗ್ಗಿಸಿ ನಿಂತೇ ಕುಯ್ಯುತ್ತಿದ್ದ. ಎಲ್ಲರಿಗಿಂತ ಹಿಂದೆ ಇದ್ದ.

ಅಲ್ಲಿದ್ದವರು ಯಾರೂ ಕೂಲಿಯವರಲ್ಲ. ಆ ಊರಲ್ಲಿ ಏಳೆಂಟು ಮನೆಯವರು ಮುಯ್ಯಿ ಕಟ್ಟಿಕೊಂಡಿದ್ದರು. ನಿನ್ನ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀನು ಒಂದು ದಿನ ಬರಬೇಕು. ಗಂಡಾಳಿನ ಮುಯ್ಯಿಗೆ ಗಂಡಾಳು, ಹೆಣ್ಣಾಳಿಗೆ ಹೆಣ್ಣಾಳು, ಎತ್ತಿಗೆ ಎತ್ತು. ಮಧ್ಯಾಹ್ನದ ಮುದ್ದೆ ಹೊಲದವರದು. ಇದಕ್ಕೆ ಬರವಣಿಗೆ ಇಲ್ಲ, ಯಾರೂ ಮರೆಯುವುದೂ ಇಲ್ಲ. ಮುಯ್ಯಿ ತೀರಿಸಲಾರದವನನ್ನು ಯಾರೂ ಬೈಯುವುದಿಲ್ಲ. ಮುಂದಿನ ಸಲ ಕರೆಯುವುದಿಲ್ಲ, ಅಷ್ಟೇ.

ಹಿಂದಿನ ಮಾಘದಲ್ಲಿ ರಾಮಾಂಜಿನಪ್ಪ ಹುಲ್ಲು ಹೇರಿದ ಗಾಡಿಯ ಮೇಲೆ ಕೂತು ಬರುತ್ತಿದ್ದಾಗ ಹಳ್ಳದ ಏರಿಯಲ್ಲಿ ಗಾಡಿ ಮಗುಚಿತು. ಒಂದು ಎತ್ತು ಸತ್ತಿತು. ಇವನ ಎಡತೊಡೆಯ ಮೂಳೆ ಎರಡು ತುಂಡಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ತೊಡೆ ಕುಯ್ದು, ಒಳಗೆ ಉಕ್ಕಿನ ಪಟ್ಟಿ ಇಟ್ಟು, ತಿರುಪು ಹಾಕಿ ಬಿಗಿದು ಹೊಲಿದರು. ಯುದ್ಧದ ಕಾಲ, ಊರಲ್ಲಿ ನೇಗಿಲಿನ ಗುಳಕ್ಕೆ ಕಬ್ಬಿಣ ಸಿಗುತ್ತಿರಲಿಲ್ಲ. ರಾಮಾಂಜಿನಪ್ಪ ಊರುಗೋಲು ಹಿಡಿದು ಊರಿಗೆ ಬಂದ ದಿನ ನೆರೆಮನೆಯ ಪಿಳ್ಳಣ್ಣ ಮೊದಲು ಕೇಳಿದ್ದು, "ಎಷ್ಟು ತೂಕ ಐತಂತೆ ಅದು?" ಎಂದು.

ಇವನು ಮಲಗಿದ್ದಾಗ ಉಳುಮೆ, ಬಿತ್ತನೆ, ಕುಂಟೆ, ಕಳೆ, ಎಲ್ಲವನ್ನೂ ಮುಯ್ಯಿಯ ಮನೆಗಳವರೇ ಮಾಡಿ ಮುಗಿಸಿದರು. ಅವನ ಹೆಂಡತಿ ಮುನಿತಾಯಮ್ಮ ತನ್ನ ಪಾಲಿನ ಹೆಣ್ಣಾಳಿನ ಮುಯ್ಯಿಯನ್ನು ಕಳೆ ಕೀಳುವಾಗಲೇ ತೀರಿಸಿಕೊಂಡು ಬಂದಳು. ಗಂಡಾಳಿನದು ಉಳಿಯಿತು. ಮನೆಯಲ್ಲಿ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು, ಒಂಟಿ ಎತ್ತು ಮತ್ತು ರಾಮಾಂಜಿನಪ್ಪ.

ಕುಯಿಲು ಶುರುವಾದಾಗ ಅವನು ಊರುಗೋಲನ್ನು ಮನೆಯ ಸೂರಿಗೆ ಸಿಕ್ಕಿಸಿ, ಕುಡುಗೋಲು ಮಸೆದುಕೊಂಡು ಮೊದಲು ಗೋಪಾಲಪ್ಪನ ಹೊಲಕ್ಕೆ ಹೋದ. ಗೋಪಾಲಪ್ಪ ಮುಯ್ಯಿಯ ಹಿರಿಯ. ಯಾವತ್ತು ಯಾರ ಹೊಲ ಅನ್ನುವುದನ್ನು ಅವನೇ ಹೇಳುವುದು. ಒಳ್ಳೆಯ ಮನುಷ್ಯ.

"ಬಂದ್ಯಾ? ಬಾ ಬಾ," ಎಂದು ಗೋಪಾಲಪ್ಪ ರಾಮಾಂಜಿನಪ್ಪನ ಕೈಯಿಂದ ಕುಡುಗೋಲು ಇಸಕೊಂಡ. "ಬದುವಿನ ಮೇಲೆ ಕೂತ್ಕೋ. ಗುಬ್ಬಿ ಬಂದ್ರೆ ಹುಶ್ ಅನ್ನು."

"ನಾನು ಕುಯ್ಯೋಕೆ ಬಂದಿದೀನಿ ಗೋಪಾಲಣ್ಣ."

"ನಿನ್ನ ಮುಯ್ಯಿ ನಾನು ಬಿಟ್ಟಿದೀನಿ ಕಣಪ್ಪ. ದೇವರು ಕಾಲು ಕೊಟ್ಟಿದಾನಲ್ಲ, ಸಾಕು. ಕೂತ್ಕೋ."

ಮಧ್ಯಾಹ್ನ ಅವನಿಗೂ ಮುದ್ದೆ ಬಡಿಸಿದರು; ಮಿಕ್ಕವರಿಗಿಂತ ದೊಡ್ಡದನ್ನೇ ಇಟ್ಟರು. ಮಾರನೆಯ ದಿನ ಪಿಳ್ಳಣ್ಣನೂ ಹಾಗೇ ಮಾಡಿದ. ಆಮೇಲಿನವರೂ ಅಷ್ಟೇ. ಊರು ಮಾತಾಡಿಕೊಂಡಂತೆ ಒಳ್ಳೆಯದಾಗಿಬಿಟ್ಟಿತ್ತು.

ಮುನಿತಾಯಮ್ಮ ಒಲೆಯ ಮುಂದೆ ಕೂತು ಗಂಡನಿಗೆ ಹೇಳಿದಳು. "ಅವರು ಬಿಡ್ತಿರೋದು ಮುಯ್ಯೀನಲ್ಲ. ನಮ್ಮನ್ನ."

"ನಂಗೂ ಗೊತ್ತು."

"ಗೊತ್ತಿದ್ರೆ ಬದುವಿನ ಮೇಲೆ ಕೂತು ಮುದ್ದೆ ಯಾಕೆ ತಿಂದೆ? ಬರೋ ಆಷಾಢಕ್ಕೆ ಒಂಟಿ ಎತ್ತಿಗೆ ಯಾರು ಜೊತೆ ಕೊಡ್ತಾರೆ? ಹೊಲ ಬೇರೆಯೋರಿಗೆ ವಾರಕ್ಕೆ, ಪಾಲಿಗೆ ಕೊಟ್ಟು ನಾವು ಇನ್ನೊಬ್ಬರ ಹೊಲದ ಗುಬ್ಬಿ ಓಡಿಸಬೇಕಾ?"

ಅವನು ಎದ್ದು ಗೋಪಾಲಪ್ಪನ ಜಗಲಿಗೆ ಹೋದ. ತಾನು ಪೂರಾ ಆಳು, ತನ್ನ ಮುಯ್ಯಿ ತೆಗೆದುಕೊಳ್ಳಲೇಬೇಕು ಎಂದು ಜಗಳಕ್ಕೇ ನಿಂತ. ಗೋಪಾಲಪ್ಪನಿಗೆ ಬೇಜಾರಾಯಿತು. ಅಷ್ಟರಲ್ಲಿ ಶಾನುಭೋಗರ ಮನೆಗೆ ಆಸ್ಪತ್ರೆಯಿಂದ ಕಾರ್ಡು ಬಂದಿತ್ತು: ಉಕ್ಕಿನ ಪಟ್ಟಿ ಹಾಕಿಸಿಕೊಂಡವರು ಊರಿಗೆ ಹೋದ ಮೇಲೆ ಹೇಗಿದ್ದಾರೆಂದು ದೊಡ್ಡ ಡಾಕ್ಟರು ತಿಳಿಯಬೇಕಂತೆ, ಅವರ ಕಡೆಯಿಂದ ಒಬ್ಬರು ಬಂದು ಕಾಲು ಅಳೆಯುತ್ತಾರಂತೆ.

"ಸರಿ ಬಿಡಪ್ಪ," ಎಂದ ಗೋಪಾಲಪ್ಪ. "ನೀನು ಹೇಳೋದೂ ಬೇಡ, ನಾನು ಹೇಳೋದೂ ಬೇಡ. ಆಸ್ಪತ್ರೆಯೋರು ಬರ್ತಾರಲ್ಲ. ಅವರು ಪೂರಾ ಅಂದ್ರೆ ಪೂರಾ, ಎಲ್ಲಾ ಮನೆಗೂ ಮುಯ್ಯಿ ತೀರಿಸು. ಇಲ್ಲ ಅಂದ್ರೆ ಸುಮ್ಮನೆ ಮನೇಲಿರು, ನಮ್ಮನ್ನ ಪಾಪಕ್ಕೆ ತಳ್ಳಬೇಡ."

ಈ ಮಾತಿಗೆ ಒಪ್ಪದೆ ಉಳಿದವಳು ದ್ಯಾವಮ್ಮ ಒಬ್ಬಳೇ. ಗಂಡ ಸತ್ತ ಮೇಲೆ ತಾನೇ ಬೇಸಾಯ ಮಾಡಿಸುತ್ತಿದ್ದ ಹೆಂಗಸು. ಬಿತ್ತನೆಯಲ್ಲಿ ತನ್ನ ತಮ್ಮನನ್ನೂ ಎತ್ತನ್ನೂ ರಾಮಾಂಜಿನಪ್ಪನ ಹೊಲಕ್ಕೆ ಕಳಿಸಿದ್ದಳು.

"ಬಿಡೋದೇನು ಬಿಡೋದು? ಆಸ್ಪತ್ರೆಯೋರ ಮಾತು ನಂಗ್ಯಾಕೆ? ನನ್ನ ತಮ್ಮ ನೇಗಿಲು ಹಿಡಿದಾಗ ಕಾಲು ನೋಡಿ ಹಿಡಿದ್ನಾ? ನಂಗೆ ನನ್ನ ಆಳು ಬೇಕು. ಕುಂಟ್ಕೊಂಡಾದ್ರೂ ಬರಲಿ, ತೆವಳ್ಕೊಂಡಾದ್ರೂ ಬರಲಿ."

ಊರಿನ ಗಂಡಸರು ಅವಳನ್ನು ಕರುಣೆಯಿಲ್ಲದವಳು ಎಂದರು. ರಾಮಾಂಜಿನಪ್ಪ ಮಾತ್ರ ಅವಳ ಕುಯಿಲಿನ ದಿನ ಎಲ್ಲರಿಗಿಂತ ಮುಂಚೆ ಹೊಲದಲ್ಲಿದ್ದ.

ಹೊಲ ತೋಪಿನ ಕಡೆಗೆ ಇಳಿಜಾರು. ಎಡಗಾಲು ತುಸು ಮೋಟಾಗಿದ್ದರಿಂದ, ಎಡಗಡೆ ದಿಣ್ಣೆ ಬರುವಂತೆ ಸಾಲು ಹಿಡಿದರೆ ರಾಮಾಂಜಿನಪ್ಪ ನೆಟ್ಟಗೆ ನಿಲ್ಲುತ್ತಿದ್ದ. ಬದು ಮುಟ್ಟಿ ತಿರುಗಿದರೆ ದಿಣ್ಣೆ ಬಲಕ್ಕೆ ಬರುತ್ತಿತ್ತು, ಆಗ ಗಾಳಿಗೆ ಸಿಕ್ಕ ಬಾಳೆಯ ಹಾಗೆ ವಾಲುತ್ತಿದ್ದ. ಬೆನ್ನು ಉರಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

"ಲೇ ರಾಮಾಂಜಿ, ಹೋಗ್ತಾ ದೊರೆ ಹಂಗೆ ಹೋಗ್ತೀಯ, ಬರ್ತಾ ಹೆಂಡ ಕುಡಿದೋನ ಹಂಗೆ ಬರ್ತೀಯ," ಎಂದಳು ದ್ಯಾವಮ್ಮ, ತನ್ನ ಸಾಲಿನಿಂದ ತಲೆ ಎತ್ತದೆ.

"ನಿನ್ನ ಹೊಲ ಸೊಟ್ಟಗೈತೆ ದ್ಯಾವಕ್ಕ."

"ಹೊಲ ನಮ್ಮ ಮಾವನ ಕಾಲದಿಂದ ಹಂಗೇ ಐತೆ. ನೀನು ಕುಯ್ಯಿ."

ಗೋಪಾಲಪ್ಪ ತನ್ನ ಸಾಲಿನಲ್ಲಿ ಕೂತು ಲೊಚಗುಟ್ಟಿದ. ಅವನಿಗೆ ಇದೆಲ್ಲ ನೋಡಲಾಗುತ್ತಿರಲಿಲ್ಲ. ಬದು ಮುಟ್ಟಿದ ಮೇಲೆ ಅವನು ಹಿಂದಕ್ಕೆ ಬಂದು ರಾಮಾಂಜಿನಪ್ಪನ ಸಾಲಿನ ತುದಿಯನ್ನು ತಾನೇ ಕುಯ್ಯತೊಡಗಿದ. ದ್ಯಾವಮ್ಮ ಗದರಿದಳು. "ಗೋಪಾಲಪ್ಪ, ಅವನ ಸಾಲು ಬಿಡು. ನಿಂಗೆ ಪುಣ್ಯ ಬೇಕಾದ್ರೆ ನಿನ್ನ ಹೊಲದಲ್ಲಿ ಕಟ್ಕೋ."

ಬಿಸಿಲು ಚುರುಕಾದಾಗ ರಸ್ತೆಯ ಕಡೆಯಿಂದ ಮಸ್ತಾನ್ ಸಾಬರ ಇದ್ದಿಲು ಬಸ್ಸಿನ ಸದ್ದು ಕೇಳಿತು. ಪೆಟ್ರೋಲು ಸಿಗದ ಮೇಲೆ ಬಸ್ಸಿನ ಹಿಂದೆ ಒಂದು ಒಲೆ ಕಟ್ಟಿ ಇದ್ದಿಲಿನ ಹೊಗೆಯಲ್ಲಿ ಓಡಿಸುತ್ತಿದ್ದರು; ಅದು ಬರುವುದಕ್ಕಿಂತ ಕೆಮ್ಮುವುದು ಮೊದಲು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮಸ್ತಾನ್ ಸಾಬರೇ ಬದುವಿನ ಮೇಲೆ ಕಾಣಿಸಿಕೊಂಡರು. ಹಿಂದೆ ಬಿಳಿ ಸೀರೆ ಉಟ್ಟು, ಕೊಡೆ ಹಿಡಿದು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡ ಹೆಂಗಸು.

"ಯಾರಪ್ಪಾ ಇಲ್ಲಿ ಕಾಲು ಮುರಿದಿರೋದು?" ಎಂದು ಮಸ್ತಾನ್ ಸಾಬರು ಕೂಗಿದರು. "ಆಸ್ಪತ್ರೆ ಅಮ್ಮ ಬಂದವ್ರೆ. ಜಲ್ದಿ ಅಳಸ್ಕೊಳ್ಳಿ, ಬಸ್ಸಿನ ಒಲೆ ಆರಿಹೋದ್ರೆ ಮತ್ತೆ ಹೊತ್ಸೋಕೆ ಒಂದು ಹೊತ್ತು ಬೇಕು."

ಬಂದವರು ನರ್ಸು ಅನುಸೂಯಮ್ಮ. ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಜನ ಯುದ್ಧಕ್ಕೆ ಹೋಗಿದ್ದರಿಂದ ಈ ಕೆಲಸ ಅವರ ಮೇಲೆ ಬಿದ್ದಿತ್ತು. ಹೊಸಕೋಟೆ ಕಡೆಯವರು. ರಾಮಾಂಜಿನಪ್ಪ ಮಲಗಿದ್ದ ವಾರ್ಡಿನಲ್ಲಿ ಹಗಲು ಪಾಳಿ ಅವರದೇ ಇತ್ತು, ಹಾಗಾಗಿ ಅವರಿಗೆ ಅವನ ಗುರುತು ಚೆನ್ನಾಗಿ ಸಿಕ್ಕಿತು.

"ಏನ್ರಿ ರಾಮಾಂಜಿನಪ್ಪ, ಕುಡುಗೋಲು ಹಿಡ್ಕೊಂಡಿದೀರ!"

"ಹೂಂ ತಾಯಿ. ಪೂರಾ ವಾಸಿ ಆಗಿದೆ. ಪೂರಾ ಅಂತ ಬರ್ಕೊಂಡು ಹೋಗ್ಬಿಡಿ, ಬಿಸಿಲಲ್ಲಿ ಯಾಕೆ ನಿಂತ್ಕೋತೀರಿ."

"ಅಳೀದೆ ಬರೆಯೋಕಾಗುತ್ತಾ? ಬನ್ನಿ."

ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿದರು. ರಾಮಾಂಜಿನಪ್ಪ ಮಲಗಿದ. ಕುಯ್ಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು. ದ್ಯಾವಮ್ಮ ಒಬ್ಬಳೇ ಕುಯ್ಯುತ್ತ, ಪ್ರತಿ ಹಿಡಿಗೂ ಒಂದು ಮಾತು ಆಡುತ್ತಿದ್ದಳು. "ನಿಂತ್ಕೊಳ್ಳಿ, ನಿಂತ್ಕೊಳ್ಳಿ. ನನ್ನ ರಾಗಿ ತಾನೇ, ಉದುರಲಿ."

ಅನುಸೂಯಮ್ಮ ಸೊಂಟದ ಮೂಳೆಯಿಂದ ಕಾಲಿನ ಹರಡಿನವರೆಗೆ ದರ್ಜಿಯವರ ಟೇಪು ಹಿಡಿದು ಎರಡೂ ಕಾಲು ಅಳೆದರು. ಎಡಗಾಲು ಒಂದು ಬೆರಳಿನಷ್ಟು ಮೋಟು. ಆಮೇಲೆ ಚೀಲದಿಂದ ಕತ್ತರಿಯ ಹಾಗೆ ಬಿಚ್ಚುವ ಒಂದು ತಗಡು ತೆಗೆದು ಮಂಡಿಯ ಪಕ್ಕಕ್ಕೆ ಹಿಡಿದು, ಕಾಲು ಮಡಿಸಲು ಹೇಳಿದರು. ಕಾಲು ಕುರ್ಚಿಯ ಮೇಲೆ ಕೂತವನ ಕಾಲಿನಷ್ಟು ಮಡಿಚಿ ಅಲ್ಲಿಗೆ ನಿಂತಿತು. ಅವರು ಇನ್ನೂ ಸ್ವಲ್ಪ ಎಂದರು. ರಾಮಾಂಜಿನಪ್ಪ ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಬಂತು, ಕಾಲು ಅಲ್ಲೇ ಇತ್ತು.

"ನೋವು?"

"ಏನಿಲ್ಲ ತಾಯಿ. ಸುಖವಾಗಿದೆ."

ಅವರು ಬರೆದುಕೊಂಡು ದೊಡ್ಡ ಡಾಕ್ಟರು ಕೊಟ್ಟ ಪ್ರಶ್ನೆಗಳನ್ನು ಕೇಳತೊಡಗಿದರು. ದೊಡ್ಡ ಡಾಕ್ಟರು ಓದಿದ್ದು ಬಿಳಿಯರ ಸೀಮೆಯಲ್ಲಿ.

"ಮೆಟ್ಟಿಲು ಹತ್ತಿ ಇಳೀತೀರಾ?"

ನಿಂತವರು ಮುಖ ಮುಖ ನೋಡಿಕೊಂಡರು. ಊರಲ್ಲಿ ಮೆಟ್ಟಿಲು ಇದ್ದದ್ದು ಕಲ್ಯಾಣಿಗೆ ಮಾತ್ರ, ಕಲ್ಯಾಣಿ ಬತ್ತಿ ಎರಡು ವರ್ಷವಾಗಿತ್ತು.

"ಗೋಪಾಲಣ್ಣನ ಮನೆ ಅಟ್ಟಕ್ಕೆ ಏಣಿ ಐತೆ," ಎಂದ ಪಿಳ್ಳಣ್ಣ.

"ಸರಿ, ಏಣಿ ಹತ್ತೀರಾ?"

"ಅವರ ಅಟ್ಟಕ್ಕೆ ನಾನ್ಯಾಕೆ ತಾಯಿ ಹತ್ತಲಿ?"

"ಬೂಟು ಹಾಕ್ಕೊಳ್ಳೋಕೆ ಬೇರೆಯವರ ಸಹಾಯ ಬೇಕಾ?"

"ಬೂಟಿಗೆ ಇದುವರೆಗೂ ಯಾರ ಸಹಾಯನೂ ಕೇಳಿಲ್ಲ."

ಅದೂ ಬರೆದಾಯಿತು. ಪ್ರಶ್ನೆಗಳು ಅಲ್ಲಿಗೆ ಮುಗಿದವು. ಅನುಸೂಯಮ್ಮ ಕಾಗದ ಮಡಿಚಿ ತೊಡೆಯ ಮೇಲಿಟ್ಟುಕೊಂಡು, "ಇನ್ನು ನಾನು ಕೇಳೋದು. ಕುಕ್ಕರಗಾಲಲ್ಲಿ ಕೂತ್ಕೊಳ್ಳಿ, ನೋಡೋಣ," ಎಂದರು.

ರಾಮಾಂಜಿನಪ್ಪ ಎದ್ದು ನಿಂತ. ಹೊಂಗೆಯ ಬುಡಕ್ಕೆ ಕೈ ಕೊಟ್ಟು, ಬಲಮಂಡಿ ಮಡಿಸಿ, ಎಡಗಾಲನ್ನು ಹೇಗಾದರೂ ಒಳಗೆ ಎಳೆದುಕೊಳ್ಳಲು ನೋಡಿದ. ಅರ್ಧಕ್ಕೆ ಇಳಿದವನು ದೊಪ್ಪನೆ ಹಿಂದಕ್ಕೆ ಕೂತ. ಸುತ್ತ ನಿಂತ ಗಂಡಸರು ಕರುಣೆಯಿಂದ ಬೇರೆ ಬೇರೆ ದಿಕ್ಕಿಗೆ ನೋಡಿದರು. ಗೋಪಾಲಪ್ಪ ಆಕಾಶ ನೋಡಿದ.

"ಬಯಲಿಗೆ ಹೋದಾಗ ಏನು ಮಾಡ್ತೀರಿ?" ಎಂದು ಅನುಸೂಯಮ್ಮ ದನಿ ಇಳಿಸಿ ಕೇಳಿದರು.

ರಾಮಾಂಜಿನಪ್ಪ ಮೈಗೆ ಹತ್ತಿದ ಮಣ್ಣು ಒದರಿಕೊಂಡ.

"ಕೆರೆ ಏರಿ ಪಕ್ಕ ಒಂದು ಕಲ್ಲು ಹುಡುಕ್ಕೊಂಡವನೆ," ಎಂದ ಪಿಳ್ಳಣ್ಣ, ಅವನಿಗೆ ಸಹಾಯವಾಗಲಿ ಎಂದು.

"ಅದು ನಮ್ಮ ಬದುವಿನ ಕಲ್ಲು!" ಎಂದು ದ್ಯಾವಮ್ಮ ಹೊಲದೊಳಗಿಂದ ಕೂಗಿದಳು.

ಗೋಪಾಲಪ್ಪ ಮುಂದೆ ಬಂದು ಕೈಮುಗಿದ. "ಅಮ್ಮಾವ್ರೆ, ಒಂದು ಮಾತು. ನಮ್ಮಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಐತೆ."

"ನಮ್ಮ ಕಡೆನೂ ಇದೆ."

"ಹಂಗಾದ್ರೆ ನಿಮಗೆ ಬಿಡಿಸಿ ಹೇಳೋ ಹಂಗಿಲ್ಲ. ಇವನು ಪೂರಾ ಆಳೋ ಅಲ್ಲವೋ, ಅದನ್ನ ನೀವು ಹೇಳ್ಬೇಕು. ನಿಮ್ಮ ಮಾತಿಗೆ ನಾವೆಲ್ಲ ಕಟ್ಟುಬಿದ್ದಿದೀವಿ."

ರಾಮಾಂಜಿನಪ್ಪ ನೆಲದ ಮೇಲೆ ಕೂತಂತೆಯೇ ಅನುಸೂಯಮ್ಮನ ಮುಖ ನೋಡಿದ. ಮುನಿತಾಯಮ್ಮ ಹೆಂಗಸರ ಹಿಂದೆ ನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಅನುಸೂಯಮ್ಮ ಕಾಗದದ ಮೇಲೆ ಬೆರಳಿಟ್ಟರು. "ಡಾಕ್ಟರು ಮೂರು ತರ ಮಾಡಿದಾರೆ," ಎಂದರು. "ಮುರಿಯೋಕೆ ಮುಂಚೆ ಕೆಲಸದಲ್ಲಿ ಹೆಂಗಿದ್ದರೋ ಹಂಗೇ ಆಗಿದ್ರೆ ಪೂರಾ. ಓಡಾಡ್ತಾರೆ, ಆದ್ರೆ ಮುಂಚಿನ ಕೆಲಸ ಮುಂಚಿನ ಹಂಗೆ ಆಗಲ್ಲ ಅಂದ್ರೆ ಅರ್ಧ. ಇನ್ನೊಬ್ಬರ ಆಸರೆ ಬೇಕು ಅಂದ್ರೆ ಇಲ್ಲ. ಕಾಲು ಎಷ್ಟು ಮಡಚುತ್ತೆ ಅನ್ನೋದನ್ನ ಬೇರೆ ಬರೀತೀವಿ. ಅಲ್ಲಾ ರಾಮಾಂಜಿನಪ್ಪ, ವಾರ್ಡಿನಲ್ಲಿ ದಿನಾ ಹೇಳ್ತಿದ್ರಲ್ಲ, ಕುಯಿಲಿಗೆ ಇಳಿದ್ರೆ ಸಾಲಿನ ಮುಂದೆ ನಾನೇ, ನನ್ನ ಹಿಂದೆ ಬರೋರಿಗೆ ನನ್ನ ಬೆನ್ನು ಕಾಣೋಲ್ಲ ಅಂತ. ಪಕ್ಕದ ಮಂಚದೋರು ಕೇಳಿ ಕೇಳಿ ಗೋಡೆ ಕಡೆ ತಿರುಗಿ ಮಲಗೋರು."

"ಹೌದು," ಎಂದ ರಾಮಾಂಜಿನಪ್ಪ. ಅವನ ದನಿ ಸಣ್ಣಗಾಗಿತ್ತು.

"ನಾನು ಬದುವಿನ ಮೇಲಿಂದ ನೋಡ್ಕೊಂಡು ಬಂದೆ. ಈಗ ಕೊನೇಲಿದ್ರಿ. ಸಾಲಿನ ಮುಂದಿದ್ದೋರು ಕೊನೆಗೆ ಬಂದ್ರೆ ನಾನು ಪೂರಾ ಅಂತ ಹೆಂಗೆ ಬರೀಲಿ? ಅರ್ಧ ಅಂತ ಬರೀಬೇಕಾಗುತ್ತೆ."

ಗೋಪಾಲಪ್ಪ ನಿಟ್ಟುಸಿರು ಬಿಟ್ಟು ರಾಮಾಂಜಿನಪ್ಪನ ಭುಜ ತಟ್ಟಿದ. "ಅಲ್ಲಿಗೆ ಆಯ್ತಲ್ಲಪ್ಪ. ಬೇಜಾರು ಮಾಡ್ಕೋಬೇಡ. ನಾವಿದೀವಿ." ಮುನಿತಾಯಮ್ಮ ಸೆರಗು ಬಿಟ್ಟು ಮುಖ ತಿರುಗಿಸಿದಳು.

ಹೊಲದೊಳಗೆ ಕುಡುಗೋಲಿನ ಸದ್ದು ನಿಂತಿತು. ದ್ಯಾವಮ್ಮ ಎದ್ದು, ಕೈಯಲ್ಲಿದ್ದ ಹಿಡಿಯನ್ನು ನೆಲಕ್ಕೆ ಹಾಕಿ, ಹೊಂಗೆ ಮರದ ಕಡೆಗೆ ಬಂದಳು.

"ಯಾರಮ್ಮ ಸಾಲಿನ ಮುಂದಿದ್ದೋನು?"

"ಇವರೇ ಹೇಳಿದ್ದು."

"ಇವನಾ?" ದ್ಯಾವಮ್ಮ ರಾಮಾಂಜಿನಪ್ಪನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಇವನು ಮೀಸೆ ಬಂದಾಗಿಂದ ನಾನು ನೋಡ್ತಿದೀನಿ. ಒಂದು ದಿನ ಮುಂದಿದ್ದೋನಲ್ಲ. ಎಲ್ಲರೂ ಬದು ಮುಟ್ಟಿ ಎಲೆಯಡಿಕೆ ಹಾಕ್ಕೊಂಡು ಉಗಿದು ಬಾಯಿ ಒರೆಸ್ಕೊಂಡ ಮೇಲೆ ಇವನು ಬರೋನು. ಕೇಳಿ ಇವರನ್ನ."

ಗಂಡಸರು ಕಾಲು ಬದಲಿಸಿದರು. ಹೊರಗಿನವರ ಮುಂದೆ ಹೀಗೆಲ್ಲ ಹೇಳುವುದು ಅವರಿಗೆ ಸರಿ ಅನ್ನಿಸಲಿಲ್ಲ.

"ಹೇಳಿ, ಬಾಯಿಗೇನಾಗಿದೆ? ಗೋಪಾಲಪ್ಪ, ಹೇಳಪ್ಪಾ."

"ಸ್ವಲ್ಪ ನಿಧಾನ," ಎಂದ ಗೋಪಾಲಪ್ಪ, ನೆಲ ನೋಡುತ್ತ. "ಕೆಲಸ ಮಾತ್ರ ಅಚ್ಚುಕಟ್ಟು."

"ಅಚ್ಚುಕಟ್ಟೂ ಇಲ್ಲ," ಎಂದ ಪಿಳ್ಳಣ್ಣ. ಒಮ್ಮೆ ಬಾಯಿ ಬಿಟ್ಟ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಒಂದು ಸಾಲಿಗೆ ಮೂರು ಸಲ ಕುಡುಗೋಲು ಮಸೀತಾನೆ. ಒಂದು ಸಲ ಹಾವು ಕಂಡೆ ಅಂತ ಬದುವಿನ ಮೇಲೆ ನಿಂತೋನು ಹೊತ್ತು ಮುಳುಗೋವರೆಗೂ ಇಳೀಲಿಲ್ಲ. ಹಾವು ಎಲ್ಲಿ ಅಂದ್ರೆ, ಹೋಯ್ತು, ಅದರ ಜೊತೆಯದಕ್ಕೆ ಕಾಯ್ತಿದೀನಿ ಅಂದ."

"ಜೊತೆಯದು ಇತ್ತು ಕಣಲೇ!" ಎಂದ ರಾಮಾಂಜಿನಪ್ಪ.

ಹಿಂದೆ ನಿಂತಿದ್ದ ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ಕಳೆದ ಸಲ ಹುರುಳಿ ಕೀಳುವಾಗಿನದು, ಅದರ ಹಿಂದಿನ ಕಡಲೆಕಾಯಿಯದು. ಇಷ್ಟು ದಿನ ಅವನಿಗೆ ದೊಡ್ಡ ಮುದ್ದೆ ಇಟ್ಟವರೇ ಈಗ ಒಬ್ಬರ ಮಾತು ಇನ್ನೊಬ್ಬರು ತುಂಡರಿಸಿ ಹೇಳುತ್ತಿದ್ದರು. ರಾಮಾಂಜಿನಪ್ಪನ ಮುಖ ಕೆಂಪಾಯಿತು. ಹೊಂಗೆ ಮರ ಹಿಡಿದು ಎದ್ದು ನಿಂತು, "ಹಂಗಾದ್ರೆ ಇಷ್ಟು ವರ್ಷ ನನ್ನನ್ನ ಯಾಕ್ರಲಾ ಕರೀತಿದ್ರಿ?" ಎಂದು ಕೂಗಿದ.

"ಆಳು ಅಂತ ಕರೀತಿದ್ವಿ, ಇನ್ನೇನು?" ಎಂದಳು ದ್ಯಾವಮ್ಮ. "ನಿಧಾನದ ಆಳೂ ಆಳೇ. ನಿನ್ನ ಮುಯ್ಯಿ ಯಾರಾದ್ರೂ ಬೇಡ ಅಂದಿದ್ರಾ?"

ಮಸ್ತಾನ್ ಸಾಬರು ರಸ್ತೆಯ ಕಡೆ ನೋಡಿ, "ಅಮ್ಮಾ, ಒಲೆ," ಎಂದರು.

ಅನುಸೂಯಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಬೇರೆಯವರು ಹೇಳಿದ್ದನ್ನ ನಾನು ಬರೆಯೋಕಾಗಲ್ಲ. ಕಾಲು ಇವರದು. ರಾಮಾಂಜಿನಪ್ಪ, ನೀವೇ ಹೇಳಿ. ವಾರ್ಡಿನಲ್ಲಿ ಹೇಳಿದ್ದು ನಿಜಾನಾ, ಇವರು ಹೇಳ್ತಿರೋದು ನಿಜಾನಾ?"

ಅವನು ಒಬ್ಬೊಬ್ಬರನ್ನೇ ನೋಡಿದ. ಸುತ್ತ ಇದ್ದದ್ದು ತನ್ನ ಊರಿನ ಮುಖಗಳು. ಒಂದರಲ್ಲೂ ಈಗ ಕರುಣೆ ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಾಗ, ಗುರುತಿಲ್ಲದ ಜನಕ್ಕೆ ಆ ಮಾತು ಹೇಳಿದ್ದು ಅವನಿಗೆ ಎಷ್ಟು ಹಿತವಾಗಿತ್ತು ಎಂದರೆ, ಹೇಳುತ್ತ ಹೇಳುತ್ತ ಅವನೇ ಅದನ್ನು ನಂಬಿದ್ದ. ಅವನು ಹೆಂಡತಿಯ ಕಡೆ ನೋಡಿದ.

"ಹೇಳು," ಎಂದಳು ಮುನಿತಾಯಮ್ಮ. "ಈ ಅಮ್ಮನೊಬ್ಬರಿಗೇ ಗೊತ್ತಿಲ್ಲದೆ ಇದ್ದಿದ್ದು."

"ಹಿಂದೆ," ಎಂದ ರಾಮಾಂಜಿನಪ್ಪ.

"ಸರಿಯಾಗಿ ಹೇಳಿ."

"ಯಾವಾಗಲೂ ಹಿಂದೇನೇ ಇರ್ತಿದ್ದೆ ತಾಯಿ."

ಅನುಸೂಯಮ್ಮ ದ್ಯಾವಮ್ಮನ ಕಡೆ ತಿರುಗಿದರು. "ಈಗ ಮುಂಚಿಗಿಂತ ಎಷ್ಟು ಹಿಂದೆ ಬೀಳ್ತಾರೆ?"

ದ್ಯಾವಮ್ಮ ಹೊಲದ ಕಡೆ ತಿರುಗಿ, ಕುಯ್ದ ಸಾಲುಗಳನ್ನೂ ಅವನ ಸಾಲನ್ನೂ ಬಹಳ ಹೊತ್ತು ನೋಡಿದಳು. ಸುಳ್ಳು ಹೇಳುವ ಹೆಂಗಸಲ್ಲ, ಅದು ಎಲ್ಲರಿಗೂ ಗೊತ್ತಿತ್ತು. "ಅಷ್ಟೇ," ಎಂದಳು. "ಮುಂಚೆ ಎಷ್ಟು ಹಿಂದೆ ಇರ್ತಿದ್ದನೋ ಅಷ್ಟೇ. ಒಂದು ಮಾರು ಹೆಚ್ಚಿಲ್ಲ, ಒಂದು ಮಾರು ಕಮ್ಮಿ ಇಲ್ಲ."

"ಆದ್ರೆ ಕೂರೋಕಾಗಲ್ಲವಲ್ಲ," ಎಂದ ಗೋಪಾಲಪ್ಪ.

"ಮುಂಚೆ ಕೂತ್ಕೋತಿದ್ದ, ತಾಪತ್ರಯ ಆಗಿದ್ದೇ ಅದು. ಕೂತ್ರೆ ಏಳ್ತಿರಲಿಲ್ಲ. ಈಗ ಬೆಳಗ್ಗೆಯಿಂದ ನಿಂತೇ ಅವನೆ. ಆ ಲೆಕ್ಕದಲ್ಲಿ ಗುಣ ಕಂಡಿದೆ ಅಂತಲೇ ಹೇಳ್ಬೇಕು."

ಅನುಸೂಯಮ್ಮ ಕಾಗದ ಬಿಚ್ಚಿದರು. ಎಡಗಾಲು ಒಂದು ಬೆರಳು ಮೋಟು, ಮಂಡಿ ಅರ್ಧಕ್ಕೆ ನಿಲ್ಲುತ್ತದೆ, ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ ಎಂದು ಮೊದಲು ಬರೆದರು. ಅದನ್ನು ಓದಿ ಹೇಳಿ, ಅದರ ಕೆಳಗೆ, ಎಲ್ಲರೂ ನೋಡುತ್ತಿದ್ದಂತೆ, ಕೆಲಸದ ಮಟ್ಟಿಗೆ ಮುರಿಯುವ ಮುಂಚಿನಂತೆಯೇ ಇದ್ದಾರೆ, ಪೂರಾ ಎಂದು ಬರೆದರು. ಅಲ್ಲಿದ್ದವರಲ್ಲಿ ಓದು ಬರುತ್ತಿದ್ದದ್ದು ಗೋಪಾಲಪ್ಪನಿಗೆ ಮಾತ್ರ. ಅವನು ಬಗ್ಗಿ ಓದಿ ತಲೆ ಆಡಿಸಿದ.

"ಬೆನ್ನು ನೋಯುತ್ತಾ?" ಎಂದು ಅನುಸೂಯಮ್ಮ ಏಳುತ್ತ ರಾಮಾಂಜಿನಪ್ಪನನ್ನು ಮೆಲ್ಲಗೆ ಕೇಳಿದರು.

"ನೋಯುತ್ತೆ."

"ಎಡಗಾಲಿನ ಚಪ್ಪಲಿಗೆ ಇನ್ನೊಂದು ಅಟ್ಟೆ ಹಾಕಿಸ್ಕೊಳ್ಳಿ. ಬರಿಗಾಲಲ್ಲಿ ಓಡಾಡಬೇಡಿ." ಅಷ್ಟು ಹೇಳಿ ಅವರು ಮಸ್ತಾನ್ ಸಾಬರ ಹಿಂದೆ ಬದು ಹತ್ತಿದರು. ಮುನಿತಾಯಮ್ಮ ಓಡಿಹೋಗಿ, ಅವರು ಬೇಡ ಬೇಡ ಎನ್ನುತ್ತಿದ್ದರೂ, ಮಡಿಲಲ್ಲಿದ್ದ ಎಳೆ ಅವರೆಕಾಯಿಯನ್ನು ಅವರ ಚೀಲಕ್ಕೆ ಸುರಿದು ಬಂದಳು. ಅವರೆ ದ್ಯಾವಮ್ಮನ ಹೊಲದ್ದು.

ಬಸ್ಸಿನ ಕೆಮ್ಮು ದೂರವಾಗುವ ಮೊದಲೇ ಗೋಪಾಲಪ್ಪ ಗಂಟಲು ಸರಿಮಾಡಿಕೊಂಡ. ಕೊಟ್ಟ ಮಾತು ಮಾತೇ. "ಹಂಗಾದ್ರೆ ರಾಮಾಂಜಿ, ನಾಡಿದ್ದು ನಮ್ಮ ಮೇಲಿನ ಹೊಲ. ಹೊತ್ತಿಗೆ ಮುಂಚೆ ಬಾ. ತಡ ಮಾಡಿದ್ರೆ ಸುಮ್ಮನಿರಲ್ಲ."

"ಆಮೇಲೆ ನಮ್ಮದು ಉಳಿದಿರೋ ತುಂಡು ಹೊಲ," ಎಂದ ಪಿಳ್ಳಣ್ಣ. "ಹಾವು ಗೀವು ಅಂದ್ಯೋ ನೋಡು."

ಮಿಕ್ಕವರೂ, ಕುಯಿಲೋ ಕಣವೋ, ತಮಗೆ ಉಳಿದ ಕೆಲಸದ ದಿನ ಹೇಳಿದರು. ಊರು ಅವನಿಗೆ ಬಿಟ್ಟದ್ದನ್ನೆಲ್ಲ ಹೊಂಗೆ ಮರದ ಕೆಳಗೆ ಒಂದೊಂದಾಗಿ ವಾಪಸು ತೆಗೆದುಕೊಂಡಿತು. ರಾಮಾಂಜಿನಪ್ಪ ಮುಖ ಗಂಟಿಕ್ಕಿಕೊಂಡು, ಕುಡುಗೋಲು ಮಸೆಯಲು ಕಲ್ಲು ಹುಡುಕಿದ.

"ನೋಡಿ, ಶುರು ಮಾಡ್ದ," ಎಂದಳು ದ್ಯಾವಮ್ಮ.

ಮಧ್ಯಾಹ್ನ ಮುದ್ದೆ ಇಟ್ಟಾಗ ಅವನದು ಎಲ್ಲರಷ್ಟೇ ಇತ್ತು. ಬದುವಿಗೆ ಒರಗಿ ಕಾಲು ಚಾಚಿ ಕೂತು ತಿಂದ. ಸಂಜೆ ಹೊತ್ತು ಇಳಿದಾಗ ಎಲ್ಲರ ಸಾಲೂ ಮುಗಿದಿತ್ತು. ಅವನದು ತೋಪಿನ ಕಡೆ ಒಂದು ತುಂಡು ಉಳಿದಿತ್ತು. ಬೆನ್ನಿಗೆ ಕೈ ಕೊಟ್ಟು ನೆಟ್ಟಗಾಗಲು ನೋಡುತ್ತಿದ್ದವನ ಹತ್ತಿರ ದ್ಯಾವಮ್ಮ ಬಂದು ನಿಂತಳು.

"ಅರ್ಧ ಹೊತ್ತು ಬಾಕಿ," ಎಂದಳು.

"ಯಾವುದು?"

"ಮರದ ಕೆಳಗೆ ಮಲಗಿದ್ಯಲ್ಲ, ಅದು. ಮಲಗೋಕೆ ನಾನು ಆಳು ಕರೆದಿರಲಿಲ್ಲ."

"ಅವರು ಅಳೀತಿದ್ರು ದ್ಯಾವಕ್ಕ! ಎಲ್ಲರೂ ನಿಂತಿದ್ರಲ್ಲ."

"ಅವರು ನಿಂತು ನೋಡಿದ್ರು. ನಿನಗೋಸ್ಕರ ನಿಂತಿದ್ದು, ಅದೂ ನಿನ್ನ ಲೆಕ್ಕಕ್ಕೇ ಬರಬೇಕು, ಹೋಗಲಿ ಅಂತ ಬಿಟ್ಟಿದೀನಿ. ನಿನ್ನದು ಅರ್ಧ ಹೊತ್ತು ಬಾಕಿ."

ರಾಮಾಂಜಿನಪ್ಪ ವಾದ ಮಾಡಿದ. ದ್ಯಾವಮ್ಮ ಜಗ್ಗಲಿಲ್ಲ. ಕೊನೆಗೆ ಅವನು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದಿಣ್ಣೆಯ ಕಡೆಗೆ ಎಡಗಾಲು ಬರುವ ಹಾಗೆ ನೋಡಿಕೊಂಡು, ಸುತ್ತುಹಾದಿಯಲ್ಲಿ ಮನೆಗೆ ಹೊರಟ. ಮುನಿತಾಯಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಮುಂದೆ ಹೋಗುತ್ತಿದ್ದಳು.

"ದ್ಯಾವಕ್ಕನಿಗೆ ಅರ್ಧ ಹೊತ್ತು ಬಾಕಿ ಐತಂತೆ," ಎಂದ ಅವನು ಹಿಂದಿನಿಂದ. "ನಾಳೆ ಬೆಳಗ್ಗೇನೇ ಹೋಗಿ ತೀರಿಸ್ಬಿಡ್ತೀನಿ."

ಮುನಿತಾಯಮ್ಮ ನಿಂತು, ಹೊರೆಯ ಕೆಳಗಿನಿಂದ ತಿರುಗಿ ನೋಡಿದಳು.

"ನಾಳೆ ಹೋಗಬೇಡ," ಎಂದಳು. "ಬಾಕಿ ಇದ್ರೆ ದ್ಯಾವಕ್ಕ ನಮ್ಮನ್ನ ಬಿಡಲ್ಲ. ಉತ್ತು ಬಿತ್ತೋವರೆಗೂ ಇರಲಿ."